ಹಳ್ಳ ಚಿಕ್ಕದಾದಷ್ಟೂ ಹೆಸರು ಹೊಸದು: ಸ್ಕಾಟ್ಲೆಂಡಿನ ನೀರಿನ ಹೆಸರುಗಳು

ಎಡಿನ್‌ಬರೋ ನಗರದ ದಕ್ಷಿಣಕ್ಕೆ ಪೆಂಟ್‌ಲ್ಯಾಂಡ್ ಎಂಬ ಗುಡ್ಡಸಾಲಿದೆ. ಆ ಕಡೆಯಿಂದ ಇಳಿದು ಬರುವ ಒಂದು ಹಳ್ಳ ಊರೊಳಗೇ ಹರಿದು ಪೋರ್ಟೊಬೆಲ್ಲೊ ಎಂಬಲ್ಲಿ ಸಮುದ್ರ ಸೇರುತ್ತದೆ. ಮೇಲೆ ಅದರ ಹೆಸರು ಬ್ರೇಡ್ ಬರ್ನ್. ಸಮುದ್ರದ ಹತ್ತಿರ ಬರುವ ಹೊತ್ತಿಗೆ ಅದೇ ನೀರು ಫಿಗೇಟ್ ಬರ್ನ್ ಆಗಿರುತ್ತದೆ. ನೀರು ಒಂದು, ಹೆಸರು ಎರಡು.

ಇದೆಂಥ ಗೊಂದಲ ಅಂತ ನಮಗೆ ಅನಿಸುತ್ತದೆ. ಯಾಕೆಂದರೆ ನಾವು ನಕ್ಷೆ ಹರಡಿಕೊಂಡು ಮೇಲಿನಿಂದ ನೋಡುತ್ತೇವೆ. ಹಳ್ಳದ ಪಕ್ಕ ಬದುಕಿದವರು ಹಾಗೆ ನೋಡಿದವರಲ್ಲ. ಬ್ರೇಡ್ ಗುಡ್ಡದ ಬುಡದವರಿಗೆ ಅದು ಬ್ರೇಡ್ ಹಳ್ಳ. ಫಿಗೇಟ್ ಬಯಲಿನವರಿಗೆ ಫಿಗೇಟ್ ಹಳ್ಳ. ಇವರಿಟ್ಟ ಹೆಸರು ಅವರಿಗೆ ಬೇಕಾಗಿರಲೇ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ನೀರಿನ ಹೆಸರು ಎಷ್ಟು ಕಾಲ ಉಳಿಯುತ್ತದೆ ಅನ್ನುವುದು ಆ ಹೆಸರು ಎಷ್ಟು ಜನರಿಗೆ ಬೇಕಿತ್ತು ಅನ್ನುವುದನ್ನು ಅವಲಂಬಿಸಿದೆ. ದೊಡ್ಡ ನದಿ ಹತ್ತಾರು ಊರು ದಾಟುತ್ತದೆ. ಹೊಸ ಭಾಷೆಯ ಜನ ಬಂದರೂ ಹಳಬರನ್ನು ಕೇಳಿ ಅದೇ ಹೆಸರು ಹಿಡಿಯುತ್ತಾರೆ. ಚಿಕ್ಕ ಹಳ್ಳ ಎರಡು ಹೊಲದವರಿಗೆ ಮಾತ್ರ ಗೊತ್ತು. ಆ ಎರಡು ಮನೆಯ ಮಾತು ಬದಲಾದರೆ ಹಳ್ಳದ ಹೆಸರೂ ಹೋಯಿತು. ಸ್ಕಾಟ್ಲೆಂಡಿನ ಮಟ್ಟಿಗೆ ಇದನ್ನು ಕೂತು ಬಿಡಿಸಿ ತೋರಿಸಿದವರು ನಿಕೊಲೈಸನ್. ಜರ್ಮನಿಯಲ್ಲಿ ಹುಟ್ಟಿ, ಎಡಿನ್‌ಬರೋಗೆ ಬಂದು, ಅಲ್ಲಿನ ಸ್ಥಳನಾಮಗಳ ಸರ್ವೆ ನಡೆಸಿದ ವಿದ್ವಾಂಸರು.

ಮೊದಲು ಭಾಷೆಗಳ ಲೆಕ್ಕ ಹೇಳಿಬಿಡುತ್ತೇನೆ. ಇದಿಲ್ಲದೆ ಮುಂದಿನದು ತಲೆಗೆ ಹತ್ತುವುದಿಲ್ಲ. ಅತ್ಯಂತ ಹಳೆಯ ಪದರದಲ್ಲಿ ವೆಲ್ಷ್ ಭಾಷೆಗೆ ಹತ್ತಿರದ ಬ್ರಿಟಾನಿಕ್, ಅದರ ನೆಂಟ ಪಿಕ್ಟಿಷ್. ಆಮೇಲೆ ಐರ್ಲೆಂಡಿನ ಕಡೆಯ ಗೇಲಿಕ್. ಆಗ್ನೇಯದಿಂದ ಒಳಗೆ ಬಂದದ್ದು ಹಳೆಯ ಇಂಗ್ಲಿಷ್. ಅದೇ ಬೆಳೆದು ಸ್ಕಾಟ್ಸ್ ಆಯಿತು. ಉತ್ತರದ ದ್ವೀಪಗಳಿಗೂ ಪಶ್ಚಿಮದ ಕರಾವಳಿಗೂ ಹಡಗಿನಲ್ಲಿ ಬಂದದ್ದು ವೈಕಿಂಗರ ಭಾಷೆ ನಾರ್ಸ್. ಸ್ಕಾಟ್ಸ್ ಬೇರೆ, ಗೇಲಿಕ್ ಬೇರೆ. ಇದನ್ನು ಜಾಸ್ತಿ ಜನ ಕಲಸಿಬಿಡುತ್ತಾರೆ. ಸ್ಕಾಟ್ಸ್ ಇಂಗ್ಲಿಷಿನ ಅಕ್ಕತಂಗಿ. ಗೇಲಿಕ್ ಬೇರೆ ಮನೆಯದೇ.

ಈಗ ಬರ್ನ್. ಇದು ಸುಡುವ ಬರ್ನ್ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಬುರ್ನ ಅಂದರೆ ತೊರೆ. ಜರ್ಮನ್ ಭಾಷೆಯ ಬ್ರುನ್ನೆನ್ ಇದರ ಸಂಬಂಧಿ, ಅಲ್ಲಿ ಅರ್ಥ ಬುಗ್ಗೆ ಅಥವಾ ಬಾವಿ. ಒಂದು ಕಾಲದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲೂ ಇದು ಬಳಕೆಯ ಮಾತೇ. ಲಂಡನ್ನಿನ ಹೋಬರ್ನ್ ಅಂದರೆ ತಗ್ಗಿನ ತೊರೆ. ಗಲ್ಲುಗಂಬಕ್ಕೆ ಹೆಸರಾಗಿದ್ದ ಟೈಬರ್ನ್ ಅಂದರೆ ಗಡಿಯ ತೊರೆ. ಮೇರಿಲೆಬೋನ್ ಹೆಸರಿನ ಬಾಲದಲ್ಲಿರುವುದೂ ಅದೇ ಪದ. ಆಮೇಲೆ ಇಂಗ್ಲೆಂಡಿನ ಬಹುಭಾಗದಲ್ಲಿ ಬ್ರೂಕ್ ಎಂಬ ಪದ ಅದರ ಜಾಗ ಹಿಡಿಯಿತು. ಉತ್ತರದಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನಲ್ಲಿ, ಬರ್ನ್ ಇವತ್ತಿಗೂ ದಿನಬಳಕೆಯಲ್ಲಿದೆ. ಅಲ್ಲಿನ ಮಕ್ಕಳು ಕಾಲು ಒದ್ದೆ ಮಾಡಿಕೊಂಡು ಬರುವುದು ಬರ್ನ್‌ನಲ್ಲೇ.

ಬರ್ನ್‌ಗಿಂತ ದೊಡ್ಡದು ವಾಟರ್. ಹೌದು, ಬರೀ ವಾಟರ್. ಗಾಲಾ ವಾಟರ್, ಯಾರೋ ವಾಟರ್, ಎಟ್ರಿಕ್ ವಾಟರ್. ಅದಕ್ಕಿಂತ ದೊಡ್ಡದು ರಿವರ್. ನಮ್ಮ ಹಳ್ಳ, ಹೊಳೆ, ನದಿ ಇದ್ದ ಹಾಗೆ ಅಂದುಕೊಳ್ಳಿ. ಇಷ್ಟು ಅಡಿ ಅಗಲ ಇದ್ದರೆ ಹೊಳೆ ಅಂತ ನಮ್ಮಲ್ಲೂ ಯಾರೂ ಅಳೆದು ಹೇಳಿದ್ದಲ್ಲ, ಅಲ್ವಾ? ಅಲ್ಲೂ ಹಾಗೆಯೇ.

ಬರ್ನ್‌ಗಿಂತ ಚಿಕ್ಕದಕ್ಕೆ ಇಳಿದರೆ ಮಜಾ ಶುರು. ದಕ್ಷಿಣದ ಗಡಿನಾಡಿನಲ್ಲಿ ಜೌಗಿನಲ್ಲಿ ಜಿನುಗುವ ನೀರಿಗೆ ಸೈಕ್ ಅನ್ನುತ್ತಾರೆ. ತೊರೆಯ ಕವಲಿಗೆ ಗ್ರೇನ್. ಧಾನ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾರ್ಸ್ ಭಾಷೆಯ ಗ್ರೇಯ್ನ್, ಅಂದರೆ ಕೊಂಬೆ. ನೈಋತ್ಯದ ಗ್ಯಾಲೊವೇಯಲ್ಲಿ ನಿಧಾನವಾಗಿ ಹಾವಿನಂತೆ ಹರಿಯುವ ನೀರಿಗೆ ಲೇನ್. ನಕ್ಷೆಯಲ್ಲಿ ಕೂರನ್ ಲೇನ್ ಅಂತ ಓದಿ, ಅದೊಂದು ಗಲ್ಲಿ ಇರಬೇಕು ಅಂತ ಹೊರಟರೆ ಮೊಣಕಾಲುದ್ದ ಜೌಗಿನಲ್ಲಿ ನಿಂತಿರುತ್ತೀರಿ. ಈ ಲೇನ್ ಬಂದದ್ದು ಹಸಿ ಹುಲ್ಲುಗಾವಲಿಗೆ ಗೇಲಿಕ್‌ನಲ್ಲಿರುವ ಪದದಿಂದ. ಈಶಾನ್ಯದಲ್ಲಿ ಸಣ್ಣ ತೊರೆಗೆ ಸ್ಟ್ರೈಪ್. ಡಂಫ್ರೀಸ್ ಕಡೆ ಕೆಲವು ಕಡೆ ನಾರ್ಸ್ ಮೂಲದ ಬೆಕ್, ವಾಟರ್‌ಬೆಕ್ ಎಂಬ ಊರಿನಲ್ಲಿ ಇರುವಂತೆ. ಬರ್ನ್, ಲೇನ್, ಗ್ರೇನ್, ವಾಟರ್, ಎಲ್ಲ ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದಗಳ ವೇಷದಲ್ಲಿ ಕೂತಿವೆ. ಅರ್ಥ ಮಾತ್ರ ಬೇರೆ.

ಬರ್ನ್ ವಿಷಯ ಬಂದಾಗ ಒಂದು ಆಟದ ಕಥೆ ಹೇಳದಿದ್ದರೆ ಆಗುವುದಿಲ್ಲ. 1999ರ ಓಪನ್ ಗಾಲ್ಫ್ ಟೂರ್ನಿ, ಕಾರ್ನೂಸ್ಟಿ ಮೈದಾನ. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಕೊನೆಯ ಗುಳಿಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಆರರಲ್ಲಿ ಮುಗಿಸಿದರೂ ಕಪ್ ಅವರದೇ. ಚೆಂಡು ಹೋಗಿ ಬ್ಯಾರಿ ಬರ್ನ್ ಎಂಬ ತೊರೆಗೆ ಬಿತ್ತು. ಅವರು ಶೂ, ಸಾಕ್ಸ್ ಬಿಚ್ಚಿ, ಪ್ಯಾಂಟ್ ಮಡಚಿಕೊಂಡು ನೀರಿಗೇ ಇಳಿದರು. ಆ ದೃಶ್ಯವನ್ನು ಗಾಲ್ಫ್ ಗೊತ್ತಿಲ್ಲದವರೂ ನೋಡಿದ್ದಾರೆ. ಕೊನೆಗೆ ಏಳು ಹೊಡೆತ ತಗೊಂಡು, ಪ್ಲೇಆಫ್‌ನಲ್ಲಿ ಸೋತರು. ಗೆದ್ದವರು ಅಬರ್ಡೀನ್‌ನ ಪಾಲ್ ಲಾರಿ. ಬ್ಯಾರಿ ಅನ್ನುವುದು ಪಕ್ಕದ ಹಳ್ಳಿಯ ಹೆಸರು. ಆ ಹಳ್ಳಿಯ ಹಳ್ಳ, ಅಷ್ಟೇ. ಬರ್ನ್ ಹೆಸರುಗಳಲ್ಲಿ ಬಹುಪಾಲು ಹೀಗೇ ಸರಳ. ಮಿಲ್ ಬರ್ನ್ ಅಂದರೆ ಗಿರಣಿಯ ಹಳ್ಳ. ಕಿರ್ಕ್ ಬರ್ನ್ ಅಂದರೆ ಚರ್ಚಿನ ಹಳ್ಳ. ಮಾರ್ಚ್ ಬರ್ನ್ ಅಂದರೆ ಎರಡು ಜಮೀನಿನ ಗಡಿಯ ಹಳ್ಳ. ತಿಂಗಳಿಗೂ ಅದಕ್ಕೂ ಸಂಬಂಧ ಇಲ್ಲ.

ಸರಳವಾಗಿ ಕಂಡದ್ದೆಲ್ಲ ಸರಳ ಅಲ್ಲ ಅನ್ನುವುದಕ್ಕೆ ಬ್ಯಾನಕ್‌ಬರ್ನ್ ನೋಡಿ. 1314ರ ಜೂನ್‌ನಲ್ಲಿ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ಎರಡನೇ ಎಡ್ವರ್ಡ್‌ನನ್ನು ಸೋಲಿಸಿದ ಜಾಗ. ಬ್ಯಾನಕ್ ಅಂದರೆ ಅಲ್ಲಿ ಒಂದು ದಪ್ಪ ರೊಟ್ಟಿ. ಹಾಗಾಗಿ ರೊಟ್ಟಿಹಳ್ಳ ಅಂತ ಅರ್ಥ ಮಾಡುವವರು ಇದ್ದೇ ಇದ್ದಾರೆ. ವಿಷಯ ಅದಲ್ಲ. ಆ ಹಳ್ಳ ಹುಟ್ಟುವ ಬೆಟ್ಟಸಾಲಿಗೆ ಬ್ರಿಟಾನಿಕ್ ಭಾಷೆಯಲ್ಲಿ ಬನ್ನೋಗ್ ಎಂಬ ಹೆಸರಿತ್ತು, ಚೂಪು ನೆತ್ತಿಯದು ಎಂಬ ಅರ್ಥದಲ್ಲಿ. ಬೆಟ್ಟದ ಹಳೆಯ ಹೆಸರಿಗೆ ಹೊಸ ಭಾಷೆಯವರು ಬರ್ನ್ ಸೇರಿಸಿದರು. ಆ ಬೆಟ್ಟವನ್ನು ಈಗ ಯಾರೂ ಹಾಗೆ ಕರೆಯುವುದಿಲ್ಲ. ಹೆಸರು ಹಳ್ಳದಲ್ಲಿ ಉಳಿಯಿತು.

ಬ್ಲ್ಯಾಕ್‌ಆಡರ್, ವೈಟ್‌ಆಡರ್ ಎಂಬ ಎರಡು ಹೊಳೆಗಳೂ ಹೀಗೇ. ಆಡರ್ ಅಂದರೆ ಇಂಗ್ಲಿಷಿನಲ್ಲಿ ವಿಷದ ಹಾವು. ಕರಿಹಾವು, ಬಿಳಿಹಾವು ಅಂತ ಕಥೆ ಕಟ್ಟಲು ಎಷ್ಟು ಚೆನ್ನಾಗಿದೆ! ಅಲ್ಲಿರುವ ಆಡರ್ ಹಾವಲ್ಲ, ಹರಿವ ನೀರಿನ ಹಳೆಯ ಹೆಸರು. ಒಂದೇ ಹೆಸರಿನ ಎರಡು ಹೊಳೆಗಳನ್ನು ಬೇರೆ ಮಾಡಲು ಇಂಗ್ಲಿಷ್ ಮಾತಾಡುವವರು ಬಣ್ಣ ಹಚ್ಚಿದರು. ಆಲನ್‌ಟನ್ ಎಂಬ ಹಳ್ಳಿಯ ಹತ್ತಿರ ಎರಡೂ ಸೇರಿ, ಮುಂದೆ ಟ್ವೀಡ್ ನದಿಗೆ ಹೋಗುತ್ತವೆ. ಇನ್ನೊಂದು ತಮಾಷೆ. ವೈಟ್‌ಆಡರ್ ಅಂತ ಬರೆದರೂ ಊರವರ ಬಾಯಲ್ಲಿ ಅದು ವಿಟಾಡರ್.

ಉತ್ತರಕ್ಕೆ, ಬೆಟ್ಟಗಳ ಕಡೆಗೆ ಹೋದರೆ ನಕ್ಷೆಯ ತುಂಬ ಔಲ್ಟ್. ಗೇಲಿಕ್‌ನಲ್ಲಿ ತೊರೆಗೆ ಇರುವ ಮಾತು. ಬೆನ್ ನೆವಿಸ್ ಬೆಟ್ಟದ ಉತ್ತರದ ಬಂಡೆಗಳ ಕೆಳಗೆ ಹರಿಯುವುದು ಔಲ್ಟ್ ಅ ವೂಲಿನ್, ಅಂದರೆ ಗಿರಣಿ ತೊರೆ. ದಕ್ಷಿಣದ ತಗ್ಗುನಾಡು ಲೋಲ್ಯಾಂಡ್‌ನ ಮಿಲ್ ಬರ್ನ್ ಇದ್ದ ಹಾಗೆಯೇ. ಆದರೆ ಈ ಔಲ್ಟ್ ಪದಕ್ಕೆ ಒಂದು ಹಿನ್ನೆಲೆ ಇದೆ. ಹಳೆಯ ಐರಿಷ್‌ನಲ್ಲಿ ಇದರ ಅರ್ಥ ನೀರೇ ಅಲ್ಲ. ಎತ್ತರ, ಕಡಿದಾದ ಜಾಗ. ವೆಲ್ಷ್‌ನಲ್ಲಿ ಇವತ್ತಿಗೂ ಗುಡ್ಡದ ಇಳಿಜಾರಿಗೆ ಈ ಪದದ ಜೋಡಿ ಬಳಕೆಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ ಮಾತ್ರ ಅದು ಬಂಡೆಯಿಂದ ಕೊರಕಲಿಗೆ, ಕೊರಕಲಿನಿಂದ ಅದರೊಳಗಿನ ನೀರಿಗೆ ಇಳಿದುಬಿಟ್ಟಿತು. ಉತ್ತರದ ಬೆಟ್ಟನಾಡು ಹೈಲ್ಯಾಂಡ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಅಲ್ಲಿ ಕಡಿದಾದ ಜಾಗ ಅಂದರೆ ನೀರು ಇಳಿಯುವ ಜಾಗವೇ.

ಗೇಲಿಕ್‌ನ ಚಿಕ್ಕ ನೀರಿನ ಪದಗಳು ನನಗೆ ತುಂಬ ಇಷ್ಟ. ಕೂಖನ್ ಅಂತ ಒಂದಿದೆ. ಕುರುಡು ಎಂಬ ಪದದಿಂದ ಬಂದದ್ದು. ಹೆದರ್ ಪೊದೆಗಳ ಅಡಿಯಲ್ಲಿ ಮರೆಯಾಗಿ ಹರಿಯುವ ತೊರೆ. ಫೆಡಾನ್ ಅಂತ ಇನ್ನೊಂದು. ಊದುವ ಕೊಳಲಿಗೂ ಅದೇ ಪದ, ಸಪೂರ ತೊರೆಗೂ ಅದೇ. ಕುರಿ ಕಾಯುತ್ತ ಬೆಟ್ಟದಲ್ಲಿ ಓಡಾಡಿದವರ ಕಣ್ಣು, ಕಿವಿ ಇದರಲ್ಲಿದೆ. ಕೋಣೆಯಲ್ಲಿ ಕೂತವರಿಗೆ ಈ ಹೆಸರು ಹೊಳೆಯುವುದಿಲ್ಲ.

ಗೇಲಿಕ್‌ನಲ್ಲಿ ಇನ್ನೂ ಹಳೆಯದು ಗ್ಲಾಶ್, ತೊರೆ ಅಂತಲೇ ಅರ್ಥ. ದೂ ಅಂದರೆ ಕಪ್ಪು. ದೂ, ಗ್ಲಾಶ್ ಎರಡೂ ಸೇರಿ ಡಗ್ಲಸ್. ಲ್ಯಾನಾರ್ಕ್‌ಶೈರ್‌ನಲ್ಲಿ ಡಗ್ಲಸ್ ವಾಟರ್ ಅಂತ ಇವತ್ತೂ ಇದೆ. ಆ ನೀರಿನಿಂದ ಊರಿಗೆ, ಊರಿನಿಂದ ಸ್ಕಾಟ್ಲೆಂಡಿನ ಬಲಾಢ್ಯ ಮನೆತನವೊಂದಕ್ಕೆ ಹೆಸರು ಹೋಯಿತು. ಆಮೇಲೆ ಪ್ರಪಂಚದ ಎಲ್ಲೆಲ್ಲೋ ಹುಟ್ಟಿದ ಮಕ್ಕಳಿಗೂ. ನಿಮ್ಮ ಆಫೀಸಿನಲ್ಲಿ ಡಗ್ಲಸ್ ಅಂತ ಯಾರಾದರೂ ಇದ್ದರೆ ಅವರ ಹೆಸರು ಕರಿಹಳ್ಳ. ಹೇಳಿ ನೋಡಿ, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ವಿಸ್ಕಿ ಅಂಗಡಿಯ ಕಪಾಟು ಕೂಡ ತೊರೆಗಳ ಪಟ್ಟಿಯೇ. ಗ್ಲೆನ್‌ಫಿಡಿಕ್ ಅಂದರೆ ಫಿಡಿಕ್ ಎಂಬ ಹೊಳೆಯ ಕಣಿವೆ. ಗ್ಲೆನ್‌ಲಿವೆಟ್‌ನಲ್ಲಿ ಲಿವೆಟ್ ಹೊಳೆ. ಔಲ್ಟ್‌ಮೋರ್ ಅಂದರೆ ದೊಡ್ಡ ತೊರೆ. ಬುನ್ನಹಾವಿನ್ ಅಂದರೆ ಹೊಳೆ ಸಮುದ್ರ ಸೇರುವ ಜಾಗ. ವಿಸ್ಕಿ ಎಂಬ ಪದವೇ ಊಶ್ಕೆ ಬೆಹ, ಅಂದರೆ ಬದುಕಿಸುವ ನೀರು ಎಂಬುದರ ಮೊದಲರ್ಧ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಗ್ಲಾಸ್ಗೋದಲ್ಲಿ. ಹೆಸರಿನ ಮಟ್ಟಿಗಾದರೂ ಸರಿಯಾದ ಊರಿಗೇ ಹೋಗಿತ್ತು.

ದಕ್ಷಿಣದಲ್ಲಿ, ಈಶಾನ್ಯದಲ್ಲಿ ಗೇಲಿಕ್ ಮಾತು ನಿಂತುಹೋಗಿ ಎಷ್ಟೋ ಕಾಲವಾಗಿದೆ. ಹೆಸರುಗಳು ಅಳಿದುಳಿದು ಇವೆ. ಈಸ್ಟ್ ಲೋದಿಯನ್‌ನ ಗಾರ್ವಲ್ಡ್ ಹಳ್ಳಿಯಲ್ಲಿ ಔಲ್ಟ್ ಅಡಗಿದೆ. ಒರಟು ತೊರೆ ಅಂತ ಅರ್ಥ. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಪದ ಅಲ್ಲ, ಪದಗಳ ಸಾಲು. ಇಂಗ್ಲಿಷ್ ಕ್ರಮದಲ್ಲಿ ಗುರುತು ಮೊದಲು, ನೀರು ಆಮೇಲೆ: ಗಾಲಾ ವಾಟರ್, ಬ್ರೇಡ್ ಬರ್ನ್. ಗೇಲಿಕ್‌ನಲ್ಲಿ ತಿರುಗುಮುರುಗು. ನೀರು ಮೊದಲು, ಗುರುತು ಆಮೇಲೆ: ಔಲ್ಟ್ ಅ ವೂಲಿನ್. ಈಗ ಸ್ಕಾಟ್ಲೆಂಡಿನ ನಕ್ಷೆಯಲ್ಲಿ ವಾಟರ್ ಆಫ್ ಕೆನ್, ವಾಟರ್ ಆಫ್ ಗರ್ವನ್, ವಾಟರ್ ಆಫ್ ಲೀತ್ ಅಂತ ಇವೆ. ಈಶಾನ್ಯದಲ್ಲಿ ಬರ್ನ್ ಆಫ್ ಅದು, ಬರ್ನ್ ಆಫ್ ಇದು ಅಂತ ಸಾಲುಸಾಲು. ಪದಗಳೆಲ್ಲ ಇಂಗ್ಲಿಷ್ ಬಳಗದವು, ಜೋಡಣೆ ಮಾತ್ರ ಗೇಲಿಕ್. ಗೇಲಿಕ್ ಬಿಟ್ಟು ಸ್ಕಾಟ್ಸ್ ಹಿಡಿದ ಜನ ಹೆಸರನ್ನು ತರ್ಜುಮೆ ಮಾಡುವಾಗ ಹಳೆಯ ಸಾಲನ್ನೇ ಉಳಿಸಿಕೊಂಡರು ಅನ್ನುವುದು ನಿಕೊಲೈಸನ್ ಅವರ ವಾದ. ನನಗೆ ಅದು ಒಪ್ಪಿಗೆ. ಮಾತು ಬದಲಾದರೂ ಮಾತಿನ ಎಲುಬು ಬೇಗ ಬದಲಾಗುವುದಿಲ್ಲ. ಕನ್ನಡ ಮನೆಮಾತಿನವರು ಇಂಗ್ಲಿಷ್ ಮಾತಾಡುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾರ್ಸ್ ಬಗ್ಗೆ ಎರಡೇ ಮಾತು. ಅವರು ಸಾಲ್ಮನ್ ಮೀನು ಕಂಡಲ್ಲೆಲ್ಲ ಹೆಸರಿಟ್ಟರು. ಅವರ ಭಾಷೆಯಲ್ಲಿ ಲಕ್ಸ್ ಅಂದರೆ ಆ ಮೀನು, ಆ ಅಂದರೆ ಹೊಳೆ. ಶೆಟ್‌ಲ್ಯಾಂಡ್‌ನ ಲಕ್ಸೊ ಅಂದರೆ ಸಾಲ್ಮನ್ ಹೊಳೆ. ಅಲ್ಲಿ ನಾರ್ಸ್ ಮರೆತ ಮೇಲೆ ಹಳ್ಳಕ್ಕೆ ಲಕ್ಸೊ ಬರ್ನ್ ಅಂದರು. ಸಾಲ್ಮನ್ ಹೊಳೆ ಹಳ್ಳ! ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದ ಪಕ್ಕದಲ್ಲೇ ಲಕ್ಸ್‌ಡೇಲ್ ಇದೆ, ಸಾಲ್ಮನ್ ಕಣಿವೆ. ಆ ಪಟ್ಟಣದಲ್ಲಿ 1754ರಲ್ಲಿ ಹುಟ್ಟಿದ ಒಬ್ಬರ ಹೆಸರು ನಿಮಗೆ ಗೊತ್ತು: ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿಸಿದವರು, ಊರೂರಿನ ಕೈಫಿಯತ್ತು ಬರೆಸಿಕೊಂಡವರು. ನಾರ್ಸ್ ಹೆಸರುಗಳ ಮೇಲೆ ಗೇಲಿಕ್ ಮಾತಾಡುವ ಊರಿನಿಂದ ಬಂದವರು ನಮ್ಮ ಹಳ್ಳಿಗಳ ಹೆಸರಿನ ಬಗ್ಗೆ ಅಷ್ಟು ಕೆದಕಿ ಕೇಳಿದ್ದರಲ್ಲಿ ನನಗೆ ಅಚ್ಚರಿ ಇಲ್ಲ. ಇದು ನನ್ನ ಊಹೆ, ಅವರು ಎಲ್ಲೋ ಹೀಗೆ ಹೇಳಿದ್ದಾರೆ ಅಂತಲ್ಲ.

ಈಗ ದೊಡ್ಡ ನದಿಗಳು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಒಂದನೇ ಶತಮಾನದ ಕೊನೆಯಲ್ಲಿ ಕ್ಲೋಟ ಅಂತ ಬರೆದದ್ದು ಇವತ್ತಿನ ಕ್ಲೈಡ್. ತೌಸ್ ಅಂತ ಬರೆದದ್ದು ಟೇ. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿಯ ಪಟ್ಟಿಯಲ್ಲಿ ಡೇವ ಇದೆ, ಇವತ್ತಿನ ಡೀ. ಇಷ್ಟು ಭಾಷೆ ಬಂದುಹೋದವು; ಈ ಹೆಸರುಗಳು ಸವೆದವೇ ಹೊರತು ಹೋಗಲಿಲ್ಲ. ಡೇವ ಅಂದರೆ ದೇವಿ. ಇದು ಧ್ವನಿ ಹೋಲಿಕೆಯ ಆಟ ಅಲ್ಲ. ಬ್ರಿಟಾನಿಕ್, ಗೇಲಿಕ್ ಎರಡೂ ಸೇರುವ ಕೆಲ್ಟಿಕ್ ಬಳಗದ ಆ ಪದಕ್ಕೂ ಸಂಸ್ಕೃತದ ದೇವಿಗೂ ಮೂಲ ಒಂದೇ ಅನ್ನುವುದು ಭಾಷಾಶಾಸ್ತ್ರದಲ್ಲಿ ಗಟ್ಟಿಯಾದ ಮಾತು. ಏಳನೇ ಶತಮಾನದ ಕೊನೆಯ ಹೊತ್ತಿಗೆ ಸಂತ ಕೊಲಂಬನ ಚರಿತ್ರೆ ಬರೆದ ಅಡಮ್ನಾನ್ ಒಂದು ಹೊಳೆಯ ಹೆಸರನ್ನು ಲ್ಯಾಟಿನ್‌ನಲ್ಲಿ ಕಪ್ಪು ದೇವಿ ಅಂತ ಹೇಳಬಹುದು ಅನ್ನುತ್ತಾನೆ. ಅದು ಪಶ್ಚಿಮದ ಲೋಖಿ ನದಿ ಅಂತ ಗುರುತಿಸಿದ್ದಾರೆ. ನಿಮಗೆಲ್ಲ ಈಗ ಯಾರು ನೆನಪಾದರು ಅಂತ ಗೊತ್ತು. ಅಲ್ಲಿಗೇ ನಿಲ್ಲಿಸಿ!

ಯಾಕೆ ನಿಲ್ಲಿಸಿ ಅಂದೆ ಅಂದರೆ, ಅಬರ್ಡೀನ್‌ನ ಇನ್ನೊಂದು ನದಿ ಡಾನ್. ರಷ್ಯಾದಲ್ಲೂ ಡಾನ್ ಇದೆ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲೂ ಇದೆ. ಆ ಎರಡನ್ನೂ ಸಂಸ್ಕೃತದ ದಾನು, ಅಂದರೆ ದ್ರವ, ಹನಿ ಎಂಬ ಪದದ ಬಳಗಕ್ಕೆ ಸೇರಿಸುತ್ತಾರೆ. ಹಾಗಾದರೆ ಅಬರ್ಡೀನ್‌ನ ಡಾನ್ ಕೂಡ ಅದೇ ತಾನೇ? ಅಲ್ಲ. ಹಳೆಯ ಬರಹಗಳಲ್ಲಿ ಅದು ಡಿಯಾನ್. ಟಾಲೆಮಿ ಆ ಸೀಮೆಯಲ್ಲಿ ಡೇವಾನ ಎಂಬ ಊರನ್ನು ಹೇಳುತ್ತಾನೆ. ಅದೂ ದೇವಿಯ ಹೆಸರೇ. ಮೂರು ಡಾನ್‌ಗಳಲ್ಲಿ ಎರಡು ನೆಂಟರು, ಮೂರನೆಯದು ಬರೀ ಹೆಸರಿನಲ್ಲಿ ನೆಂಟ. ಹಳೆಯ ಬರಹ ನೋಡದೆ ಇವತ್ತಿನ ಉಚ್ಚಾರದಿಂದ ಮೂಲ ಹುಡುಕುವವರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಅಂದಹಾಗೆ ಅಬರ್ಡೀನ್‌ನ ಅಬರ್ ಅಂದರೆ ಪಿಕ್ಟಿಷ್, ಬ್ರಿಟಾನಿಕ್ ಭಾಷೆಯಲ್ಲಿ ನದಿಯ ಬಾಯಿ. ಗೇಲಿಕ್‌ನಲ್ಲಿ ಅದಕ್ಕೆ ಇನ್ವರ್; ಇನ್ವರ್ನೆಸ್ ಅಂದರೆ ನೆಸ್ ನದಿಯ ಬಾಯಿ.

ಕ್ಲೈಡ್‌ಗೆ ಸೇರುವ ಒಂದು ಚಿಕ್ಕ ನದಿ ಮಾತ್ರ ಪ್ರಪಂಚದ ಎಲ್ಲ ಭೌತಶಾಸ್ತ್ರ ಪುಸ್ತಕದಲ್ಲೂ ಕೂತಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಕೆಲ್ವಿನ್. ಅಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಥಾಮ್ಸನ್‌ಗೆ 1892ರಲ್ಲಿ ಲಾರ್ಡ್ ಪದವಿ ಬಂದಾಗ ಆ ನದಿಯ ಹೆಸರನ್ನೇ ತಗೊಂಡರು. ತಾಪಮಾನದ ಅಳತೆಗೆ ಅವರ ಹೆಸರು ಬಂತು. ನಮ್ಮ ಪಿಯುಸಿ ಹುಡುಗರು 273 ಸೇರಿಸಿ ಉತ್ತರ ಬರೆಯುವಾಗ ಒಂದು ಸ್ಕಾಟಿಷ್ ಹೊಳೆಯ ಹೆಸರು ಬರೆಯುತ್ತಿರುತ್ತಾರೆ.

ಈ ಸಣ್ಣ ಹೆಸರುಗಳನ್ನೆಲ್ಲ ಕಾಗದಕ್ಕೆ ಇಳಿಸಿದ್ದು ಯಾರು ಅಂತ ಒಬ್ಬರು ಕೇಳಿದರು. ಹದಿನಾರನೇ ಶತಮಾನದ ಕೊನೆಯಲ್ಲಿ ತಿಮೊತಿ ಪಾಂಟ್ ಎಂಬಾತ ನಡೆದು ನಕ್ಷೆ ಬರೆದ. ಆದರೆ ಹಳ್ಳಹಳ್ಳವನ್ನೂ ಹಿಡಿದದ್ದು ಹತ್ತೊಂಬತ್ತನೇ ಶತಮಾನದ ಆರ್ಡ್‌ನೆನ್ಸ್ ಸರ್ವೆ, ಅಂದರೆ ಸೈನ್ಯದವರು ನಡೆಸಿದ ಸರ್ಕಾರಿ ನಕ್ಷೆ ಕೆಲಸ. ಸರ್ವೆಯವರು ಹೆಸರಿನ ಪುಸ್ತಕ ಅಂತಲೇ ಇಟ್ಟಿದ್ದರು. ಒಂದು ಕಾಲಂನಲ್ಲಿ ಹೆಸರು, ಇನ್ನೊಂದರಲ್ಲಿ ಬೇರೆಬೇರೆ ಕಾಗುಣಿತ, ಮತ್ತೊಂದರಲ್ಲಿ ಹೇಳಿದವರು ಯಾರು ಅಂತ. ಜಮೀನ್ದಾರ, ಪಾದ್ರಿ, ಮೇಷ್ಟ್ರು ಹೇಳಿದ್ದಕ್ಕೆ ತೂಕ ಜಾಸ್ತಿ. ಕುರಿ ಕಾಯುವವನಿಗೆ ಹಳ್ಳ ಚೆನ್ನಾಗಿ ಗೊತ್ತಿದ್ದರೂ ಕಾಗುಣಿತ ಗೊತ್ತಿರಲಿಲ್ಲ. ಗೇಲಿಕ್ ಬಾರದ ಸಿಪಾಯಿ ಗೇಲಿಕ್ ಹೆಸರು ಬರೆದುಕೊಂಡ ಜಾಗಗಳೂ ಬೇಕಾದಷ್ಟಿವೆ. ಈ ಪುಸ್ತಕಗಳು ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಸಂಜೆ ಕೂತು ಓದಿ.

ಕೊನೆಯದಾಗಿ ಪೌ. ಗೇಲಿಕ್‌ನ ಪೌಲ್, ಅಂದರೆ ನಿಂತ ನೀರು, ಕೊಳ. ಸ್ಕಾಟ್ಸ್‌ನಲ್ಲಿ ಪೌ ಆಗಿ, ಸಮತಟ್ಟು ಜಾಗದಲ್ಲಿ ತೆವಳುವ ತೊರೆಗೆ ಹೆಸರಾಯಿತು. ಪರ್ತ್‌ಶೈರ್‌ನಲ್ಲಿ ಪೌ ಆಫ್ ಇಂಚಾಫ್ರೆ ಅಂತ ಒಂದಿದೆ. ಜೌಗಿನ ನಡುವೆ ಇದ್ದ ಇಂಚಾಫ್ರೆ ಮಠದ ಸನ್ಯಾಸಿಗಳ ಕಾಲದಿಂದ ಅಲ್ಲಿ ನೀರು ಬಸಿಯುವ ಕೆಲಸ ನಡೆದಿದೆ. ಅದರ ಮೇಲೆ 1696ರಲ್ಲಿ ಒಂದು ಕಾಯ್ದೆ, 1846ರಲ್ಲಿ ಇನ್ನೊಂದು. ಸ್ಕಾಟಿಷ್ ಪಾರ್ಲಿಮೆಂಟಿನ ಮೂರನೆಯದು 2019ರ ಕಾಯ್ದೆ. ಇಂಗ್ಲಿಷಿನಲ್ಲಿರುವ ಆ ಕಾಯ್ದೆಯ ತಲೆಬರಹದಲ್ಲೇ ಪೌ ಅಂತ ಇದೆ. ಆ ತೊರೆಯಿಂದ ಲಾಭ ಇರುವ ಜಮೀನು, ಮನೆಗಳ ಮಾಲೀಕರಿಗೆ ಕಾಯ್ದೆಯಲ್ಲಿ ಹೆರಿಟರ್ ಅನ್ನುತ್ತಾರೆ. ಹೂಳು ತೆಗೆಸುವ ಖರ್ಚಿನಲ್ಲಿ ತಮ್ಮ ಪಾಲನ್ನು ಅವರು ಇವತ್ತಿಗೂ ಕಟ್ಟಬೇಕು.